ಯಾಶಿಕಾ ಎಲೆಕ್ಟ್ರೋಗೆ ಜಾವಾ ಮರೂನ್: ಎಂಟು ವಾರ, ಮೂರು ಸಲ ಬಣ್ಣ

ಜೂನ್ 8, ಭಾನುವಾರ

ಚಿಕ್ಕಪ್ಪನ ಟ್ರಂಕ್‌ನಲ್ಲಿದ್ದ ಕ್ಯಾಮೆರಾ ಇದು, ಯಾಶಿಕಾ ಎಲೆಕ್ಟ್ರೋ 35 ಜಿಎಸ್‌ಎನ್. ಎಲೆಕ್ಟ್ರೋ ಮೊದಲು ಬಂದಿದ್ದು 1966ರಲ್ಲಿ, ಜಿಎಸ್‌ಎನ್ ಮಾಡೆಲ್ 1973ರದ್ದು. 45 ಎಂಎಂ ಎಫ್ 1.7 ಲೆನ್ಸು, ಅಪರ್ಚರ್ (ಲೆನ್ಸಲ್ಲಿ ಬೆಳಕು ಬಿಡೋ ಕಿಂಡಿ) ನಾವು ಇಟ್ರೆ ಶಟರ್ ಸ್ಪೀಡು ಅದೇ ನೋಡ್ಕೊಳತ್ತೆ, 30 ಸೆಕೆಂಡಿಂದ 1/500ವರೆಗೆ. ಲಕ್ಷಾಂತರ ಮಾಡಿ ಮಾರಿರೋ ಕ್ಯಾಮೆರಾ ಆದ್ರಿಂದ ಇದರ ಮೇಲೆ ಕೈ ಪಳಗಿಸಿಕೊಂಡ್ರೆ ಪಾಪ ಬರಲ್ಲ ಅಂದ್ಕೊಂಡೆ. ಅಪರೂಪದ ಮಾಡೆಲ್ ಇದ್ರೆ ದಯವಿಟ್ಟು ಈ ಕೆಲಸಕ್ಕೆ ಹೋಗ್ಬೇಡಿ, ಸುಮ್ನೆ ಒರೆಸಿ ಇಟ್ಕೊಳಿ.

ಬಣ್ಣ ಬಳಿಯೋ ಮೊದಲು ಓಡತ್ತಾ ನೋಡ್ಬೇಕಲ್ಲ. ಇದಕ್ಕೆ ಮೊದಲು ಬರ್ತಿದ್ದ 5.6 ವೋಲ್ಟ್ ಮರ್ಕ್ಯುರಿ ಬ್ಯಾಟರಿ ಈಗ ಸಿಗಲ್ಲ. 4ಎಲ್‌ಆರ್44 ಅಂತ 6 ವೋಲ್ಟಿಂದು ಸಿಗತ್ತೆ, ನಾನು ಕೊಟ್ಟಿದ್ದು 120 ರೂಪಾಯಿ, ಗಾತ್ರ ಚಿಕ್ಕದು. ಸುತ್ತ ದಪ್ಪ ಪೇಪರ್ ಸುರುಳಿ ಸುತ್ತಿ ಹಿಂದೆ ಹಳೇ ಟಾರ್ಚಿನ ಸ್ಪ್ರಿಂಗ್ ಕೊಟ್ಟೆ. ಚೆಕ್ ಬಟನ್ ಒತ್ತಿದೆ, ಹಸಿರು ದೀಪ ಹತ್ತಿತು. ಫಿಲ್ಮ್ ಮುಂದೆ ಸರಿಸೋ ಲಿವರ್ ಎಳೆದಾಗ ಒಳಗಿಂದ 'ಟಕ್' ಅಂತ ಸದ್ದು ಬರ್ಬೇಕು ಇದ್ರಲ್ಲಿ, ಬರ್ಲಿಲ್ಲ ಅಂದ್ರೆ ಒಳಗಿನ ರಬ್ಬರ್ ಪ್ಯಾಡು ಪುಡಿಯಾಗಿದೆ ಅಂತ ಅರ್ಥ. ನಂದರಲ್ಲಿ ಬಂತು, ಗಟ್ಟಿಯಾಗೇ ಬಂತು. ಸರಿ, ಶುಭ ಶಕುನ.

ಹೊರಗಡೆ ಮಾತ್ರ ನೋಡೋ ಹಾಗಿರ್ಲಿಲ್ಲ. ಮೇಲಿನ ಪ್ಲೇಟಿನ ಕ್ರೋಮ್ ತುಂಬಾ ಗೀಚು, ಲೆದರ್ ಕೇಸಿನ ಗುಂಡಿ ಉಜ್ಜಿ ಉಜ್ಜಿ ಒಂದು ಮೂಲೆಲಿ ಹಿತ್ತಾಳೆ ಕಾಣ್ತಿತ್ತು, ಕೆಳಗಡೆ ಹಸಿರು ಕಿಲುಬು. ಕಪ್ಪು ಬಣ್ಣ ಹೊಡಿಯೋಣ ಅಂದ್ರೆ ಯಾಶಿಕಾದವರೇ ಇದರ ಕಪ್ಪು ಅವತಾರನ ಜಿಟಿಎನ್ ಅಂತ ಮಾಡಿ ಮಾರಿದ್ರು, ಅದನ್ನೇ ನಕಲು ಮಾಡಿ ಏನು ಪ್ರಯೋಜನ. ಆಗ ಕಣ್ಣಿಗೆ ಬಿದ್ದಿದ್ದು ಶೆಡ್ಡಲ್ಲಿ ನಿಂತಿರೋ ಅಪ್ಪನ ಜಾವಾ. ಮೈಸೂರಿನ ಮನೆ, ಯಾದವಗಿರಿ ಫ್ಯಾಕ್ಟರಿಲಿ ಹುಟ್ಟಿದ ಬೈಕು, ಜಪಾನಿನ ಕ್ಯಾಮೆರಾಗೆ ನಮ್ಮೂರ ಬಣ್ಣ. ತೀರ್ಮಾನ ಆಗೋಯ್ತು.

ಮಧ್ಯಾಹ್ನ ಊಟ ಆದ್ಮೇಲೆ ಬಿಚ್ಚೋಕೆ ಕೂತೆ. ಜಪಾನಿ ಸ್ಕ್ರೂಗಳಿಗೆ ಜೆಐಎಸ್ (ಜಪಾನಿನ ಅಳತೆ ಮಾನಕ) ಸ್ಕ್ರೂಡ್ರೈವರ್ ಬೇಕು ಅಂತ ಎಲ್ಲಾ ಕಡೆ ಓದಿದ್ದೆ, ಆದ್ರೂ ಮನೇಲಿದ್ದ ಸ್ಟಾರ್ ಸ್ಕ್ರೂಡ್ರೈವರ್‌ನಲ್ಲೇ ಒಂದು ಕೈ ನೋಡೋಣ ಅಂತ ಹಾಕಿದೆ, ಮೊದಲನೇ ಸ್ಕ್ರೂನೇ ತಲೆ ಸವೆದು ದುಂಡಗಾಗೋಕೆ ಶುರು. ಅಲ್ಲಿಗೇ ನಿಲ್ಲಿಸಿ 650 ಕೊಟ್ಟು ಸರಿಯಾದ ಸೆಟ್ ತರಿಸಿದೆ. ಅದು ಬರೋಕೆ ನಾಲ್ಕು ದಿನ.

ಜೂನ್ 15

ಫಿಲ್ಮ್ ವಾಪಸ್ ಸುತ್ತೋ ರಿವೈಂಡ್ ಗುಬ್ಬಿ ತೆಗಿಯೋಕೆ ಹಿಂದಿನ ಬಾಗ್ಲು ತೆಗೆದು ಒಳಗಿರೋ ಕವಲಿಗೆ ಸ್ಕ್ರೂಡ್ರೈವರ್ ಅಡ್ಡ ಕೊಟ್ಟು ಹಿಡ್ಕೊಂಡು, ಮೇಲಿಂದ ಗುಬ್ಬಿನ ಎಡಕ್ಕೆ ತಿರುಗಿಸ್ಬೇಕು. ಲಿವರ್ ಮೇಲಿನ ಮುಚ್ಚಳಕ್ಕೆ ಸೈಕಲ್ ಟ್ಯೂಬ್ ತುಂಡು ಒತ್ತಿ ತಿರುಗಿಸಿದ್ರೆ ಬಂತು, ಇಕ್ಕಳ ಹಾಕಿದ್ರೆ ಗ್ಯಾರಂಟಿ ಗೀಚ್ತಿತ್ತು. ಆಮೇಲೆ ಪಕ್ಕದ ಸ್ಕ್ರೂಗಳು. ಬಿಚ್ಚಿದ್ದೆಲ್ಲಾ ಹಳೇ ಇಡ್ಲಿ ತಟ್ಟೆಲಿ, ಒಂದೊಂದು ಗುಳಿಗೆ ಒಂದೊಂದು ಹಂತ, ಪಕ್ಕದಲ್ಲಿ ಮೊಬೈಲಲ್ಲಿ ಫೋಟೋ. ಇದೊಂದು ಕೆಲಸ ಮಾತ್ರ ನಾನು ಶುರುವಿಂದ ಕೊನೆವರೆಗೆ ಸರಿಯಾಗಿ ಮಾಡಿದ್ದು.

ಪ್ಲೇಟ್ ಎತ್ತೋವಾಗ ತಪ್ಪು. ಮೇಲೆ ಫ್ಲ್ಯಾಶ್ ಸಿಕ್ಕಿಸೋ ಹಾಟ್ ಶೂದಿಂದ ಒಳಗೆ ಸಣ್ಣ ವೈರ್ ಹೋಗಿರತ್ತೆ, ಗೊತ್ತಿತ್ತು, ನಿಧಾನಕ್ಕೆ ಎತ್ತಿದೆ ಅಂತ ನಾನು ಅಂದ್ಕೊಂಡಿದ್ದೆ, ಐವತ್ತು ವರ್ಷದ ಸೋಲ್ಡರ್‌ಗೆ ಅದು ನಿಧಾನ ಅನ್ನಿಸ್ಲಿಲ್ಲ, ಕಿತ್ತು ಬಂತು. ಯಾವ ವೈರ್ ಎಲ್ಲಿಂದ ಅಂತ ಆಗಲೇ ಬರ್ದಿಟ್ಕೊಂಡೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಫೋಕಸ್ ನೋಡೋ ರೇಂಜ್‌ಫೈಂಡರ್ ಒಳಗೆ ಮಬ್ಬು ಮಬ್ಬಾಗಿತ್ತು, ಹೆಂಗೂ ತೆಗ್ದಿದೀನಲ್ಲ ಅಂತ ಹತ್ತಿ ಕಡ್ಡಿಗೆ ಐಪಿಎ (ಒಂದು ಥರ ಆಲ್ಕೋಹಾಲ್) ಹಚ್ಚಿ ಒಳಗಿನ ಅರೆ ಕನ್ನಡಿ ಮೇಲೆ ಒಂದೇ ಒಂದು ಸಲ ಎಳೆದೆ. ಕಡ್ಡಿ ತುದಿಲಿ ಹೊಂಬಣ್ಣ ಮಿನುಗ್ತಿತ್ತು. ಕೊಳೆ ಅಲ್ಲ ಅದು, ಕನ್ನಡಿಯ ಲೇಪ! ಎದೆ ಧಸಕ್ಕಂತು. ಪುಣ್ಯಕ್ಕೆ ಅಂಚಲ್ಲಿ ಹೋಗಿದ್ದು, ನಡುವಿನ ಹಳದಿ ಪ್ಯಾಚ್ ಸ್ವಲ್ಪ ತಿಳಿಯಾಗಿದೆ ಅಷ್ಟೇ. ಆ ಕನ್ನಡಿಗೆ ಬ್ಲೋವರ್‌ನಲ್ಲಿ ಗಾಳಿ ಹೊಡೀರಿ ಸಾಕು, ಏನೂ ಮುಟ್ಟಿಸ್ಬೇಡಿ.

ಸಂಜೆ ಅಶೋಕ ರಸ್ತೆ ಕಡೆ ಗಾಡಿ ಪೇಂಟ್ ಮಿಕ್ಸ್ ಮಾಡ್ಕೊಡೋ ಅಂಗಡಿಗೆ ಜಾವಾನೇ ಓಡಿಸ್ಕೊಂಡ್ ಹೋದೆ. ಅಂಗಡಿಯವರು ಟ್ಯಾಂಕ್ ನೋಡಿ, ಕೆಂಪಿಗೆ ಒಂದು ಚಮಚ ಕಪ್ಪು, ಚೂರು ಬ್ರೌನು, ಕಡ್ಡಿಲಿ ಅದ್ದಿ ಟ್ಯಾಂಕ್ ಪಕ್ಕ ಹಿಡಿದು ನೋಡಿ, ಮತ್ತೆ ಎರಡು ಹನಿ ಹಾಕಿ, 100 ಎಂಎಲ್ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಕೊಟ್ರು, 150 ರೂಪಾಯಿ. ಕಂಪ್ಯೂಟರ್ ಇಲ್ಲ ಏನಿಲ್ಲ, ಕಣ್ಣಂದಾಜು. ಹಂಗೇ ಒಂದು ಪ್ರೈಮರ್ ಸ್ಪ್ರೇ ಕ್ಯಾನ್, 280.

ಜೂನ್ 22, ಮೊದಲನೇ ಸಲ

ಬಣ್ಣ ಸಿಂಪಡಿಸೋ ಏರ್‌ಬ್ರಷ್ ನನ್ ಹತ್ರ ಇಲ್ಲ. ಗಣಪತಿ ಮಾಡೋ ಗೆಳೆಯನ ಹತ್ರ 0.3 ಎಂಎಂ ನಾಜಲ್‌ದು, ಜೊತೆಗೆ ಪುಟ್ಟ ಕಂಪ್ರೆಸರ್ ಇದೆ, ಗಣೇಶನ ಕಣ್ಣು ಕಿರೀಟಕ್ಕೆ ಬಳಸೋದು. "ಆಗಸ್ಟ್ ಮೊದಲನೇ ವಾರ ನಂಗೆ ವಾಪಸ್ ಬೇಕು ಗುರೂ, ಆಮೇಲೆ ಕೇಳಿದ್ರೆ ಗಣಪತಿಗೆ ನೀನೇ ಬಂದು ಬಣ್ಣ ಹೊಡಿ" ಅಂತ ಹೇಳೇ ಕೊಟ್ಟ. ಗಡುವು ಅಂತ ಒಂದಿತ್ತು ಅಂದ್ರೆ ಇದೇ.

ಪ್ಲೇಟಿಗೆ 600ರ ವಾಟರ್ ಪೇಪರಲ್ಲಿ (ಉಪ್ಪುಕಾಗದ, ನಂಬರ್ ಜಾಸ್ತಿ ಆದಷ್ಟು ನಯ) ನಾಮಕಾವಾಸ್ತೆ ಉಜ್ಜಿದೆ, ಸೋಪಲ್ಲಿ ತೊಳೆದೆ, ಪ್ರೈಮರ್ ಹೊಡೆದೆ, ಒಂದು ಗಂಟೆ ಬಿಟ್ಟು ಬಣ್ಣ ಮೂರು ಕೋಟ್. ಎಂಥಾ ಚಂದ ಕಾಣ್ತಿತ್ತು ಅಂದ್ರೆ ಅವತ್ತು ಸಂಜೆ ನಾಲ್ಕು ಜನಕ್ಕೆ ಫೋಟೋ ಕಳ್ಸಿದೀನಿ.

ಮಾರನೇ ದಿನ ಮಾಸ್ಕಿಂಗ್ ಟೇಪ್ ತೆಗ್ದೆ. ಟೇಪ್ ಜೊತೆ ಬಣ್ಣನೂ ಬಂತು, ಪ್ರೈಮರೂ ಬಂತು, ಹಾವು ಪೊರೆ ಬಿಟ್ಟ ಹಾಗೆ ಒಂದೇ ಹಾಳೆ. ಕೆಳಗೆ ಕ್ರೋಮ್ ಫಳಫಳ ಅಂತ ನನ್ನ ಮುಖನೇ ತೋರಿಸ್ತಿತ್ತು. ಕ್ರೋಮ್ ಮೇಲೆ ಬಣ್ಣ ಕೂರೋದಿಲ್ಲ, ಅದರ ಹೊಳಪನ್ನ ಪೂರ್ತಿ ಸಾಯಿಸ್ಬೇಕು, ಮೂಲೆ ಮೂಲೆನೂ.

ಅಪ್ಪ ಕಾಫಿ ಲೋಟ ಹಿಡ್ಕೊಂಡು ಬಂದು ಆ ಪೊರೆ ಎತ್ತಿ ನೋಡಿದ್ರು. ನಾನು ಅಂಟಿಲ್ಲ ಅಂತ ಗೋಳಾಡ್ತಿದ್ರೆ ಅವರು, "ಅಂಟೋದಿರ್ಲಿ, ಇದು ಜಾವಾ ಕಲರೇ ಅಲ್ವಲ್ಲೋ" ಅಂದ್ರು. ಟ್ಯಾಂಕು ಬಿಸಿಲಲ್ಲಿ ಬೆಂದು ಬೆಂದು ಇಟ್ಟಿಗೆ ಬಣ್ಣಕ್ಕೆ ತಿರುಗಿದೆ, ನಿಜವಾದ ಬಣ್ಣ ಬೇಕಿದ್ರೆ ಟೂಲ್ ಬಾಕ್ಸ್ ಮುಚ್ಚಳದ ಒಳಗಡೆ ನೋಡು ಅಂದ್ರು. ತೆಗೆದು ನೋಡಿದ್ರೆ ಹೌದು, ಒಳಗೆ ಹಣ್ಣಾದ ನೇರಳೆ ಹಿಂಡಿದ ಹಾಗೆ ಕಡುಗೆಂಪು, ಬಿಸಿಲೇ ಕಂಡಿಲ್ಲ ಅದು. ಒಂದು ವಾರ ಮೊದಲು ಹೇಳ್ಬಾರ್ದಿತ್ತಾ ಅಂದೆ. "ನೀನು ಕೇಳಿದ್ಯಾ?"

ಜೂನ್ 29

ಪೂರ್ತಿ ದಿನ ಉಜ್ಜಿದ್ದೇ. ಉಳಿದ ಬಣ್ಣಕ್ಕೆ ಪೇಂಟ್ ರಿಮೂವರ್, 180. ಕೈಗವಸು ಹಾಕ್ಕೊಂಡೇ ಮಾಡಿ, ಚರ್ಮಕ್ಕೆ ತಾಗಿದ್ರೆ ಮೆಣಸಿನಕಾಯಿ ಅರೆದ ಹಾಗೆ ಉರಿಯತ್ತೆ. ಬಿಚ್ಚಿ ಬರೋದನ್ನೆಲ್ಲಾ ಮೊದಲೇ ಬಿಚ್ಚಿದ್ದೆ, ಮೇಲಿನ ಹಳದಿ ಕೆಂಪು ದೀಪಗಳ ಪುಟ್ಟ ಕಿಟಕಿ ಮಾತ್ರ ಬರ್ಲಿಲ್ಲ, ಟೇಪ್ ಅಂಟಿಸಿ ಬಿಟ್ಟಿದ್ದೆ. ರಿಮೂವರ್ ಟೇಪಿನ ಅಡಿಗೆ ನುಸುಳಿ ಹಳದಿ ಕಿಟಕಿಯ ಒಂದು ಅಂಚು ಮಂಜಾಯ್ತು. ಪ್ಲಾಸ್ಟಿಕ್ ಇರೋ ಕಡೆ ರಿಮೂವರ್ ಹಾಕ್ಲೇಬಾರ್ದು, ಮರದ ಕಡ್ಡಿಲಿ ಕೆರೆದು ತೆಗೀಬೇಕಿತ್ತು. ದೀಪ ಈಗ್ಲೂ ಕಾಣತ್ತೆ, ನಂಗೆ ಮಾತ್ರ ಮೊದಲು ಅಂಚೇ ಕಾಣತ್ತೆ.

ಯಾರೋ ಆ್ಯಸಿಡಲ್ಲಿ ಅದ್ದಿದ್ರೆ ಕ್ರೋಮ್ ಪೂರ್ತಿ ಕರಗಿ ಹಿತ್ತಾಳೆ ಬರತ್ತೆ ಅಂದಿದ್ರು. ಬಾತ್‌ರೂಮ್ ತೊಳಿಯೋ ಆ್ಯಸಿಡ್ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟೆ. ಕರಗಿದ ಕ್ರೋಮಿಯಂ ನೀರನ್ನ ಎಲ್ಲಿ ಚೆಲ್ಲೋದು? ನಮ್ಮನೆ ನೀರು ಹೋಗೋದು ಹಿತ್ತಲ ಬಾಳೆ ಗಿಡಕ್ಕೆ.

ಆದ್ರಿಂದ ಉಜ್ಜೋದೇ ದಾರಿ. 320ರ ವಾಟರ್ ಪೇಪರ್ ನೀರಲ್ಲಿ ನೆನೆಸಿ, ಸಪಾಟ ಜಾಗಕ್ಕೆ ರಬ್ಬರ್ ತುಂಡಿಗೆ ಸುತ್ತಿ, ಮೂಲೆಗೆ ಐಸ್‌ಕ್ರೀಮ್ ಕಡ್ಡಿಗೆ ಅಂಟಿಸಿ. ಆಮೇಲೆ 600. ಮೇಲಿನ ಪ್ಲೇಟ್ ಎರಡೂವರೆ ಗಂಟೆ, ಕೆಳಗಿಂದು ಮುಕ್ಕಾಲು ಗಂಟೆ. ಒಣಗಿಸಿ ಬೆಳಕಿಗೆ ಓರೆಯಾಗಿ ಹಿಡಿದಾಗ ಒಂದು ಚುಕ್ಕೆನೂ ಹೊಳೀಬಾರ್ದು, ಸ್ಲೇಟಿನ ಹಾಗೆ ಮಂಕಾಗಿರ್ಬೇಕು. ಪೇಪರಿಗೆ ಒಟ್ಟು 90 ರೂಪಾಯಿ. ಪ್ರೈಮರೂ ಬದಲಾಯಿಸಿದೆ, ಎರಡು ಡಬ್ಬದ ಎಪಾಕ್ಸಿ ಪ್ರೈಮರ್, 260. ಒಂದೇ ತೆಳು ಕೋಟ್ ಹೊಡೆದು ಒಂದು ವಾರ ಹಂಗೇ ಬಿಟ್ಟೆ. ವಾರ ಬೇಕಿರ್ಲಿಲ್ಲ, ಆಫೀಸ್ ಇತ್ತು ಅಷ್ಟೇ.

ಜುಲೈ 6, ಎರಡನೇ ಸಲ

ಟೂಲ್ ಬಾಕ್ಸ್ ಮುಚ್ಚಳ ತಗೊಂಡ್ಹೋಗಿ ಹೊಸ ಬಣ್ಣ ಮಾಡಿಸ್ಕೊಂಡು ಬಂದಿದ್ದೆ, ಮತ್ತೆ ಎನ್‌ಸಿ, ಮತ್ತೆ 150. ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಟೆರೇಸಿನ ಶೀಟ್ ಕೆಳಗೆ ಹೊಡೀತೀನಲ್ಲ, ಮಳೆ ನನ್ ಮೇಲೆ ಬೀಳಲ್ಲ, ಏನಾಗತ್ತೆ ಅಂದ್ಕೊಂಡೆ. ಎರಡನೇ ಕೋಟ್ ಒಣಗ್ತಾ ಒಣಗ್ತಾ ಮರೂನ್ ಮೇಲೆ ಬಿಳಿ ಮಂಜು ಕೂತ್ಕೊಳ್ತು, ದ್ರಾಕ್ಷಿ ಮೇಲೆ ಇರತ್ತಲ್ಲ ಬೂದಿ, ಹಂಗೆ. ಗಾಳಿಲಿರೋ ತೇವ ಥಿನ್ನರ್ ಆರೋವಾಗ ಬಣ್ಣದೊಳಗೆ ಸೇರ್ಕೊಂಡಿದ್ದು.

ಗೆಳೆಯನಿಗೆ ಫೋನ್ ಮಾಡಿದೆ. ಕೆರೆಯೋಕೆ ಹೋಗ್ಬೇಡ, ಬಿಸಿಲು ಬಂದ ದಿನ ಬರೀ ಥಿನ್ನರನ್ನ ದೂರದಿಂದ ಮಂಜಿನ ಹಾಗೆ ಹೊಡಿ, ಬಣ್ಣ ಮತ್ತೆ ತೆರ್ಕೊಂಡು ತೇವ ಬಿಡತ್ತೆ ಅಂದ. ಬುಧವಾರ ಬಿಸಿಲು ಬಂತು, ಅರ್ಧ ದಿನ ರಜೆ ಹಾಕಿ ಹೊಡೆದೆ, ಕಣ್ಣೆದುರೇ ಮಂಜು ಕರಗಿ ಬಣ್ಣ ವಾಪಸ್ ಬಂತು. ಈ ಇಡೀ ಕೆಲಸದಲ್ಲಿ ನಂಗೆ ಸಿಕ್ಕ ದೊಡ್ಡ ಖುಷಿ ಅದೇ. ನಾಲ್ಕೇ ದಿನ ಇತ್ತು ಆ ಖುಷಿ.

ಜುಲೈ 13

ಅಕ್ಷರ ತುಂಬೋ ದಿನ. ಪ್ಲೇಟಿನಲ್ಲಿ ಕೊರೆದಿರೋ ಅಕ್ಷರಗಳಿಗೆ ಜಾವಾ ಟ್ಯಾಂಕಿನ ಗೆರೆ ಥರ ಕೆನೆ ಬಣ್ಣ ಹಾಕೋಣ ಅಂತ ಸಣ್ಣ ಡಬ್ಬ ಎನಾಮಲ್ ತಂದಿದ್ದೆ, 55 ರೂಪಾಯಿ. ಊದುಬತ್ತಿ ಕಡ್ಡಿ ತುದಿ ಚೂಪು ಮಾಡಿ ಅದ್ದಿ ಅಕ್ಷರದ ಗುಂಡಿಗೆ ಬಿಡೋದು, ಐದು ನಿಮಿಷ ಬಿಟ್ಟು ಮೇಲಿಂದ ಉಕ್ಕಿರೋದನ್ನ ಒರೆಸೋದು. ಎನಾಮಲ್ ಒರೆಸೋಕೆ ಟರ್ಪಂಟೈನ್. ಟೇಬಲ್ ಮೇಲೆ ಎರಡು ಬಾಟ್ಲಿ ಇತ್ತು, ಎರಡೂ ನೀರಿನ ಬಾಟ್ಲಿಗಳೇ, ಎರಡಕ್ಕೂ ಹೆಸರು ಬರೆದಿರ್ಲಿಲ್ಲ. ಬಟ್ಟೆಗೆ ಹಾಕಿದ್ದು ಎನ್‌ಸಿ ಥಿನ್ನರ್.

ಒಂದೇ ಒರೆಸಿಗೆ ಕೆನೆ, ಮರೂನ್, ಪ್ರೈಮರಿನ ಬೂದು ಎಲ್ಲಾ ಕಲೆಸಿ ಪಾಯಸ. ಬೆರಳಿನ ಗುರುತು ಸಮೇತ. ಸ್ವಲ್ಪ ಹೊತ್ತು ಹಂಗೇ ಕೂತಿದ್ದೆ, ಅಮ್ಮ ಬಂದು ನೋಡಿ ಏನೂ ಮಾತಾಡ್ದೆ ಒಂದು ತಟ್ಟೆ ಬಜ್ಜಿ ಇಟ್ಟು ಹೋದ್ರು.

ಒಂದು ಸಮಾಧಾನ ಅಂದ್ರೆ ಅಕ್ಷರದ ಗುಂಡಿಗಳನ್ನ ಅವತ್ತು ಹತ್ತಿರದಿಂದ ನೋಡಿದ್ದು. ಪ್ರೈಮರು, ಬಣ್ಣ, ಮೇಲೆ ಥಿನ್ನರ್ ಕೋಟು ಎಲ್ಲಾ ಸೇರಿ ಅವು ಅರ್ಧ ಮುಚ್ಚೋಗಿದ್ವು. ಎನಾಮಲ್ ಸರಿಯಾಗಿ ಒರೆಸಿದ್ರೂ ಅಕ್ಷರ ನಿಲ್ತಿರ್ಲಿಲ್ಲ. ವರ್ನಿಯರ್ ಹಾಕಿ ನೋಡಿದ್ರೆ ಬಣ್ಣ ಇರೋ ಕಡೆ ಇಲ್ಲದ ಕಡೆಗಿಂತ 0.15 ಎಂಎಂ ದಪ್ಪ. ಕೇಳೋಕೆ ಏನೂ ಅಲ್ಲ, ಕ್ಯಾಮೆರಾ ಅಕ್ಷರಕ್ಕೆ ಅದು ಬಾವಿ ಮುಚ್ಚಿದ ಹಾಗೆ.

ಎಲ್ಲಾ ತೆಗ್ದು ಮತ್ತೆ ಸ್ಲೇಟು. ಈ ಸಲ ದೀಪದ ಕಿಟಕಿ ಹತ್ರ ರಿಮೂವರ್ ಹಾಕ್ಲಿಲ್ಲ.

ಜುಲೈ 20, ಮೂರನೇ ಸಲ

ಎನ್‌ಸಿ ಸಹವಾಸ ಬಿಟ್ಟು ಹಾರ್ಡನರ್ ಹಾಕೋ ಪಿಯು (ಪಾಲಿಯುರೆಥೇನ್) ಪೇಂಟ್ ಮಾಡಿಸಿದೆ, ಹಾರ್ಡನರ್ ಸೇರಿ 340. ಒಂದ್ಸಲ ಗಟ್ಟಿಯಾದ್ರೆ ಟರ್ಪಂಟೈನಿಗೆ ಜಗ್ಗಲ್ಲ, ತಾನೇ ಹೊಳೆಯತ್ತೆ, ಮೇಲೆ ಕ್ಲಿಯರ್ ಕೋಟ್ ಬೇಡ, ಹಂಗಾಗಿ ದಪ್ಪನೂ ಕಮ್ಮಿ. ಆದ್ರೆ ಇದರ ಹಾರ್ಡನರ್ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆ ಮಾಸ್ಕ್ ನಡೆಯಲ್ಲ, ಕಾರ್ಟ್ರಿಜ್ ಇರೋ ಮಾಸ್ಕೇ ಬೇಕು. 950 ಕೊಟ್ಟು ತಗೊಂಡೆ, ಇಡೀ ಲೆಕ್ಕದಲ್ಲಿ ಅತಿ ದುಬಾರಿ ಸಾಮಾನು ಅದೇ, ಹೊಟ್ಟೆ ಉರೀಲಿಲ್ಲ. ಹಿಂದಿನ ಎರಡು ಸಲ ಮೂಗಿಗೆ ಕರ್ಚೀಫ್ ಕಟ್ಕೊಂಡು ಹೊಡೆದಿದ್ದೆ, ಅದೂ ತಪ್ಪೇ, ರಾತ್ರಿಯೆಲ್ಲಾ ತಲೆನೋವು.

ಅಳತೆ: ಡಬ್ಬದ ಮೇಲಿರೋ ಪ್ರಕಾರ 4ಕ್ಕೆ 1. ಸೂಜಿ ಇಲ್ಲದ ಸಿರಿಂಜಲ್ಲಿ 8 ಎಂಎಲ್ ಬಣ್ಣ, 2 ಎಂಎಲ್ ಹಾರ್ಡನರ್, 3 ಎಂಎಲ್ ಪಿಯು ಥಿನ್ನರ್. ಎರಡು ಪ್ಲೇಟಿಗೂ ಸಾಕಾಗಿ ಮಿಕ್ಕಿತು. ಗಾಳಿ ಒತ್ತಡ 22 ಪಿಎಸ್‌ಐ ಹತ್ರ, ದೂರ ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ. ಪ್ರೈಮರ್ ಈ ಸಲ ಎಷ್ಟು ತೆಳು ಅಂದ್ರೆ ಕೆಳಗಿನ ಲೋಹ ಮಬ್ಬಾಗಿ ಕಾಣ್ತಿತ್ತು. ಬಣ್ಣ ಮೊದಲ ಕೋಟ್ ಬರೀ ಸಿಂಪಡಿಕೆ, ಹದಿನೈದು ನಿಮಿಷ ಬಿಟ್ಟು ಎರಡನೇದು, ಮತ್ತೆ ಹದಿನೈದು ನಿಮಿಷ, ಮೂರನೇದು ಸ್ವಲ್ಪ ಒದ್ದೆಯಾಗಿ. ಪ್ರತಿ ಕೋಟ್ ಆದ್ಮೇಲೆ ಹೊಲಿಗೆ ಸೂಜಿಲಿ ಅಕ್ಷರದ ಗುಂಡಿ ಮೆಲ್ಲಗೆ ಬಿಡಿಸ್ದೆ.

ಕಾವು ಕೊಟ್ರೆ ಬೇಗ ಗಟ್ಟಿಯಾಗತ್ತೆ. ಅಡುಗೆಮನೆಯ ಓವನ್ (ಓಟಿಜಿ) ಕೇಳಿದೆ, "ಕೇಕ್ ಮಾಡೋದ್ರೊಳಗೆ ಪೇಂಟಾ? ಮುಟ್ಟಿದ್ರೆ ನೋಡು" ಅಂತ ಅಮ್ಮ. ರಟ್ಟಿನ ಡಬ್ಬ, ಒಳಗೆ ಅಲ್ಯುಮಿನಿಯಂ ಫಾಯಿಲ್, ಒಂದು 100 ವ್ಯಾಟ್ ಹಳೇ ಬಲ್ಬು, ರಟ್ಟಿಗೆ ತಾಗದ ಹಾಗೆ ನೇತಾಕಿ, ನಾನು ಪಕ್ಕದಲ್ಲೇ ಕೂತು. ಒಳಗೆ 55 ಡಿಗ್ರಿ ತನಕ ಹೋಯ್ತು. ಇಲ್ಲೂ ಒಂದು ಆತುರ ಮಾಡಿದೆ: ಕೆಳಗಿನ ಪ್ಲೇಟನ್ನ ಬಣ್ಣ ಹೊಡೆದ ಹತ್ತೇ ನಿಮಿಷಕ್ಕೆ ಒಳಗಿಟ್ಟೆ, ಥಿನ್ನರ್ ಆರೋ ಮೊದಲೇ ಕಾವು ತಾಗಿ ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆ ಮೂರು ಎದ್ವು. ಮೇಲಿಂದಕ್ಕೆ ಒಂದು ಗಂಟೆ ಗಾಳಿಗೆ ಬಿಟ್ಟು ಆಮೇಲೆ ಇಟ್ಟೆ, ಕನ್ನಡಿ ಹಂಗೆ ಬಂತು. ಕೆಳಗಿನ ಗುಳ್ಳೆ ಹಂಗೇ ಇವೆ, ತಳ ಯಾರು ನೋಡ್ತಾರೆ.

ಜುಲೈ 27

ಒಂದು ವಾರ ಗಟ್ಟಿಯಾಗೋಕೆ ಬಿಟ್ಟಿದ್ದೆ. ಟೇಪ್ ಒತ್ತಿ ಕಿತ್ತು ನೋಡಿದೆ, ಬಣ್ಣ ಅಲ್ಲಾಡ್ಲಿಲ್ಲ. ಬಾಟ್ಲಿಗಳ ಮೇಲೆ ಈಗ ಮಾರ್ಕರಲ್ಲಿ ದಪ್ಪಕ್ಕೆ ಹೆಸರು. ಅಕ್ಷರ ತುಂಬಿ, ಪೋಸ್ಟ್‌ಕಾರ್ಡಿಗೆ ಹಳೇ ಬನಿಯನ್ ಬಟ್ಟೆ ಬಿಗಿಯಾಗಿ ಸುತ್ತಿ, ಟರ್ಪಂಟೈನ್ ತಾಗಿಯೂ ತಾಗದ ಹಾಗೆ ಮಾಡಿ ಅಡ್ಡಡ್ಡ ಒರೆಸಿದೆ. ಬಟ್ಟೆ ಮೆತ್ತಗಿದ್ರೆ ಗುಂಡಿಯೊಳಗಿನ ಬಣ್ಣನೂ ಎಳ್ಕೊಂಡ್ಬಿಡತ್ತೆ, ಅದಕ್ಕೇ ಕಾರ್ಡು. ಎರಡು ಅಕ್ಷರ ಮತ್ತೆ ತುಂಬ್ಬೇಕಾಯ್ತು.

ಆಗಸ್ಟ್ 3

ಜೋಡಣೆ. 25 ವ್ಯಾಟ್ ಸೋಲ್ಡರಿಂಗ್ ಐರನ್‌ನಲ್ಲಿ ಹಾಟ್ ಶೂ ವೈರ್ ಹಚ್ಚಿದೆ, ಹೊಸ ಬಣ್ಣಕ್ಕೆ ಕಾವು ತಾಗ್ಬಾರ್ದು ಅಂತ ಸುತ್ತ ಒದ್ದೆ ಬಟ್ಟೆ. ಪ್ಲೇಟ್ ಇಟ್ರೆ ಕೂರ್ಲಿಲ್ಲ! ತೂತುಗಳ ಒಳ ಅಂಚಿಗೆ ಬಣ್ಣ ಇಳಿದಿತ್ತು, ಸಣ್ಣ ದುಂಡು ಅರದಲ್ಲಿ ಒಳಗಿಂದ ಹೊರಕ್ಕೆ ಅಲ್ಲ, ಹೊರಗಿಂದ ಒಳಕ್ಕೆ ಉಜ್ಜಿದೆ, ಇಲ್ದಿದ್ರೆ ಮೇಲಿನ ಅಂಚು ಹಾರತ್ತೆ. ಕೂತ್ಮೇಲೆ ಶಟರ್ ಬಟನ್ ಒತ್ತಿದ್ರೆ ಕೆಳಗೆ ಹೋಗಿದ್ದು ನಿದ್ದೆಗಣ್ಣಲ್ಲಿ ಎದ್ದ ಹಾಗೆ ಮೇಲೆ ಬರ್ತಿತ್ತು. ಮತ್ತೆ ಬಿಚ್ಚಿ ಮತ್ತೆ ಅರ. ಬಣ್ಣ ಹೊಡಿಯೋ ಮೊದಲು ತೂತುಗಳಿಗೆ ಟೇಪ್ ಸುರುಳಿ ತುರುಕಿದ್ರೆ ಈ ಎರಡು ಗಂಟೆ ಉಳೀತಿತ್ತು. ಗುಬ್ಬಿ, ಲಿವರ್, ಬಟನ್ ಎಲ್ಲಾ ಕ್ರೋಮಲ್ಲೇ ಬಿಟ್ಟಿದೀನಿ, ಮರೂನ್ ನಡುವೆ ಕ್ರೋಮ್ ಇದ್ರೇ ಜಾವಾ.

ಲೆಕ್ಕ: ಮಾಸ್ಕಿಂಗ್ ಟೇಪ್ 60, ಎರಡು ಥರ ಥಿನ್ನರ್ 240, ಉಳಿದಿದ್ದು ಮೇಲೆ ಬರ್ದಿರೋದೇ, ಒಟ್ಟು 3,525 ರೂಪಾಯಿ. ಅದ್ರಲ್ಲಿ ಸ್ಪ್ರೇ ಪ್ರೈಮರು ಮತ್ತೆ ಎರಡು ಸಲದ ಎನ್‌ಸಿ ಸೇರಿ 580 ನೀರಲ್ಲಿ ಹೋಮ. ಏರ್‌ಬ್ರಷ್ ತೊಳೆದು ಅವತ್ತೇ ಸಂಜೆ ವಾಪಸ್ ಕೊಟ್ಟೆ, ಅವನು ನಾಜಲ್ ಬಿಚ್ಚಿ ನೋಡಿ ಒಳಗೆ ಇನ್ನೂ ಮರೂನ್ ಇದೆ ಅಂತ ಬೈದ.

ಅಪ್ಪ ಕ್ಯಾಮೆರಾನ ಟೂಲ್ ಬಾಕ್ಸ್ ಮುಚ್ಚಳದ ಪಕ್ಕ ಹಿಡಿದು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದ್ರು. "ಹ್ಞೂಂ, ಈಗ ಸರಿ. ಬೈಕಿಗೆ ಯಾವಾಗ?"

ಆಗಸ್ಟ್ 5, ಸೇರಿಸಿದ್ದು

ಎರಡೇ ದಿನಕ್ಕೆ ಬೆಲ್ಟಿನ ಉಂಗುರ ಬಡಿದು ಬಡಿದು ಎಡಗಡೆ ಅಂಚಲ್ಲಿ ಅಕ್ಕಿಕಾಳಷ್ಟು ಬಣ್ಣ ಎದ್ದಿದೆ. ಚಪ್ಪಲಿ ಹೊಲಿಯೋರ ಹತ್ರ ದುಂಡಗೆ ಎರಡು ಚರ್ಮದ ಬಿಲ್ಲೆ ಕತ್ತರಿಸಿಕೊಂಡು ಉಂಗುರದ ಅಡಿಗೆ ಹಾಕಿದೀನಿ, 20 ರೂಪಾಯಿ. ಒಟ್ಟು 3,545 ಅಂತ ಓದ್ಕೊಳಿ. ರೋಲ್ ಹಾಕಿದೀನಿ, 11ನೇ ಫ್ರೇಮಲ್ಲಿ ಇದೆ.